ಐದನೆಯ ಚಕ್ರ: ಮೂಗೂರು ಸೀಮೆಯ ದಾರಿಗಳನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಮೈಸೂರು ಸಂಸ್ಥಾನದ ಸಾರಿಗೆಯ ಚರಿತ್ರೆಯನ್ನು ಬರೆದ ವಿದ್ವಾಂಸರು ರಸ್ತೆಗಳ ಉದ್ದವನ್ನೂ ಸೇತುವೆಗಳ ಸಂಖ್ಯೆಯನ್ನೂ ರೈಲುಮಾರ್ಗಗಳು ತೆರೆದ ವರ್ಷಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸಿಕೊಟ್ಟಿದ್ದಾರೆ. ಆದರೆ ಆ ರಸ್ತೆಗಳ ಮೇಲೆ ಉರುಳಿದ ಚಕ್ರದ ವಿಷಯದಲ್ಲಿ ಅವರ ಬರವಣಿಗೆ ಬಹುಮಟ್ಟಿಗೆ ಮೌನವಾಗಿದೆ. ಉರುಳುವ ಚಕ್ರದ ಗತಿಯೇ ಹೀಗಾದ ಮೇಲೆ, ಉರುಳದೆ ವಾಹನದ ಬೆನ್ನಿನಲ್ಲೋ ಹೊಟ್ಟೆಯಲ್ಲೋ ಕುಳಿತು ಪ್ರಯಾಣ ಮಾಡುವ ಐದನೆಯ ಚಕ್ರದ ಕಥೆಯನ್ನು ಯಾರು ಬರೆದಾರು? ನಮ್ಮ ಜನ ಅದನ್ನು 'ಸ್ಟೆಪ್ನಿ' ಎಂದು ಕರೆಯುತ್ತಾರೆ. ಪಟ್ಟಣದ ಗ್ಯಾರೇಜಿನಲ್ಲಿ ಹೇಗೋ ಹಾಗೆಯೇ ಹಳ್ಳಿಯ ಕೂಡುರಸ್ತೆಯ ಪಂಕ್ಚರ್ ಅಂಗಡಿಯಲ್ಲಿಯೂ ಇದೇ ಮಾತು ಬಳಕೆಯಲ್ಲಿದೆ. ಈ ಚಕ್ರ ಎಲ್ಲಿಂದ ಬಂತು, ಅದನ್ನು ಉಳಿದ ನಾಲ್ಕರೊಡನೆ ಸರದಿಯಲ್ಲಿ ದುಡಿಸುವ ಪದ್ಧತಿ ಹೇಗೆ ಬೆಳೆಯಿತು, ಇಂದು ಟೈರಿನೊಳಗೆ ಕುಳಿತು ಗಾಳಿಯ ಒತ್ತಡವನ್ನು ಅಳೆಯುವ ಸೂಕ್ಷ್ಮ ಯಂತ್ರವು ಅದರ ಸ್ಥಾನಕ್ಕೆ ಹೇಗೆ ಸಂಚಕಾರ ತಂದಿದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರ ಮಾಡಲು ನಾವು ಪ್ರಯತ್ನಿಸಿದ್ದೇವೆ.

ವಿಷಯ ಕ್ಷುಲ್ಲಕವೆಂದು ತೋರಬಹುದು. ಆದರೆ ೨೦೨೦ರ ಜುಲೈ ತಿಂಗಳಿನಲ್ಲಿ ಭಾರತ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ಮಾಡಿದ ಒಂದು ತಿದ್ದುಪಡಿಯಿಂದಾಗಿ, ಕೆಲವು ಷರತ್ತುಗಳಿಗೆ ಒಳಪಟ್ಟು, ಕಾರಿನಲ್ಲಿ ಐದನೆಯ ಚಕ್ರವನ್ನು ಇಡದೆಯೇ ಇರಲು ಕಾನೂನಿನ ಅನುಮತಿ ದೊರೆಯಿತು. ನೂರು ವರ್ಷಗಳಿಗೂ ಮೀರಿ ದಾರಿಹೋಕನ ಧೈರ್ಯಕ್ಕೆ ಆಧಾರವಾಗಿದ್ದ ವಸ್ತುವೊಂದು ಹೀಗೆ ಐಚ್ಛಿಕವಾದಾಗ, ನಡುದಾರಿಯಲ್ಲಿ ಚಕ್ರ ಕೈಕೊಟ್ಟರೆ ಅದರ ಪರಿಹಾರದ ಹೊಣೆ ಯಾರದು ಎಂಬ ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ. ಈ ಪ್ರಶ್ನೆಗೆ ಒಂದೊಂದು ಕಾಲವೂ ತನ್ನದೇ ಆದ ಉತ್ತರವನ್ನು ಕೊಟ್ಟಿದೆ. ಆ ಉತ್ತರಗಳನ್ನು ಕ್ರಮವಾಗಿ ನೋಡಲು ಮೂಗೂರಿನಂಥ ಊರು ಅನುಕೂಲವಾದ ನೆಲೆ.

ಮೂಗೂರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಚಾಮರಾಜನಗರ ಜಿಲ್ಲೆಯ ಎಲ್ಲೆಗೆ ಸಮೀಪದಲ್ಲಿರುವ ದೊಡ್ಡ ಗ್ರಾಮ. ತ್ರಿಪುರಸುಂದರಿ ಅಮ್ಮನವರ ದೇವಾಲಯದಿಂದ ಅದು ಪ್ರಸಿದ್ಧವಾಗಿದೆ. ಕೇರಳದ ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳ ಮೂಲಕ ಕೊಳ್ಳೇಗಾಲಕ್ಕೆ ಹೋಗುವ ೭೬೬ನೆಯ ರಾಷ್ಟ್ರೀಯ ಹೆದ್ದಾರಿ ಈ ಸೀಮೆಯ ಮುಖ್ಯ ದಾರಿ. ಕಪಿಲೆ ಮತ್ತು ಕಾವೇರಿಯ ನೀರಾವರಿಯಿಂದಾಗಿ ಭತ್ತ, ಕಬ್ಬುಗಳ ಭಾರವಾದ ಸಾಗಣೆ ಇಲ್ಲಿ ಹಿಂದಿನಿಂದಲೂ ಉಂಟು. ಜಾತ್ರೆಯ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಂದ ಬರುವ ಬಂಡಿಗಳ ಸಂಖ್ಯೆಯೂ ಸಣ್ಣದಲ್ಲ. ಚಕ್ರದ ಚರಿತ್ರೆಗೆ ಬೇಕಾದ ಸಾಮಗ್ರಿಯೆಲ್ಲವೂ ಇಲ್ಲಿ ಕಣ್ಣೆದುರಿಗೇ ಇದೆಯೆನ್ನಬಹುದು.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೆ ಮೈಸೂರು ಸೀಮೆಯಲ್ಲಿ ಸರಕು ಹೆಚ್ಚಾಗಿ ಹೇರೆತ್ತುಗಳ ಬೆನ್ನಿನ ಮೇಲೆ ಸಾಗುತ್ತಿತ್ತು. ನಂಜನಗೂಡಿನ ಬಳಿ ಕಪಿಲೆಗೆ ಅಡ್ಡಲಾಗಿ ಕಟ್ಟಿದ, ಕ್ರಿ.ಶ. ೧೭೩೫ರ ಕಾಲದ್ದೆಂದು ಹೇಳಲಾಗುವ ದಳವಾಯಿ ಸೇತುವೆಯಂಥ ಅಪವಾದಗಳನ್ನು ಬಿಟ್ಟರೆ, ಭಾರದ ಬಂಡಿಗಳಿಗೆ ವರ್ಷದ ಎಲ್ಲ ಕಾಲದಲ್ಲಿಯೂ ಒದಗುವ ದಾರಿಗಳು ವಿರಳವಾಗಿದ್ದವು. ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಸುಮಾರು ೧,೬೦೦ ಮೈಲಿಗಳಷ್ಟು ರಸ್ತೆಗಳು ನಿರ್ಮಾಣವಾದವು. ಹೇರೆತ್ತಿನ ಕಾಲ ಕ್ರಮೇಣ ಹಿಂದೆ ಸರಿದು ಎತ್ತಿನ ಗಾಡಿಯ ಕಾಲ ಮುಂದೆ ಬರುವುದಕ್ಕೆ ಈ ರಸ್ತೆಗಳೇ ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಎತ್ತಿನ ಗಾಡಿಯ ಚಕ್ರಕ್ಕೆ ಟೈರು ಇರಲಿಲ್ಲವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅದು ಸರಿಯಲ್ಲ. ಮರದ ಚಕ್ರದ ಸುತ್ತ ಬಿಗಿಯುವ ಕಬ್ಬಿಣದ ಹಳಿಯೇ ಅದರ ಟೈರು. ಬಡಗಿ ಮಾಡಿಕೊಟ್ಟ ಗುಂಬ, ಅರ, ಸುತ್ತುಮರಗಳನ್ನೆಲ್ಲ ಒಂದಾಗಿ ಹಿಡಿದು ನಿಲ್ಲಿಸುವುದು ಈ ಹಳಿ. ಕಮ್ಮಾರನು ಅದನ್ನು ಚಕ್ರದ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಸ್ಥಿತಿಯಲ್ಲಿ ಚಕ್ರಕ್ಕೆ ಇಳಿಸಿ, ಒಡನೆಯೇ ನೀರು ಹೊಯ್ಯುತ್ತಾನೆ. ಕಬ್ಬಿಣ ಕುಗ್ಗಿ ಮರವನ್ನು ಅಮುಕಿಕೊಳ್ಳುತ್ತದೆ. ಬೇಸಗೆಯಲ್ಲಿ ಮರ ಒಣಗಿ ಹಳಿ ಸಡಿಲವಾದರೆ ರೈತನು ಗಾಡಿಯನ್ನು ಕೆರೆಯಲ್ಲೋ ಕಾಲುವೆಯಲ್ಲೋ ನಿಲ್ಲಿಸಿ ಮರ ಉಬ್ಬುವಂತೆ ಮಾಡುತ್ತಾನೆ. ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಡಾಣಿ ಬಿಗಿಯಾಗಿದೆಯೇ ಎಂದು ಹೊರಡುವ ಮುನ್ನ ಕೈಯಿಂದ ಮುಟ್ಟಿ ನೋಡುವುದು, ಇವೆಲ್ಲ ನಿತ್ಯದ ಅಭ್ಯಾಸಗಳಾಗಿದ್ದವು.

ಈ ವ್ಯವಸ್ಥೆಯಲ್ಲಿ ಹೆಚ್ಚುವರಿ ಚಕ್ರವನ್ನು ಯಾರೂ ಹೊತ್ತು ತಿರುಗಲಿಲ್ಲವೆಂಬುದು ಗಮನಾರ್ಹ. ಹೊತ್ತು ತಿರುಗುವ ಅಗತ್ಯವೂ ಇರಲಿಲ್ಲ. ಚಕ್ರ ಮುರಿದರೆ ಮುಂದಿನ ಹಳ್ಳಿಯಲ್ಲಿ ಬಡಗಿಯೂ ಕಮ್ಮಾರನೂ ಇದ್ದರು. ಗಾಡಿ ಗಂಟೆಗೆ ಎರಡು ಮೂರು ಮೈಲಿಗಿಂತ ವೇಗವಾಗಿ ಹೋಗುವಂಥದ್ದಲ್ಲವಾದ್ದರಿಂದ ಅನಾಹುತವೂ ನಿಧಾನವಾಗಿಯೇ ಆಗುತ್ತಿತ್ತು. ಊರಿನ ಆಯಗಾರ ಪದ್ಧತಿಯಲ್ಲಿ ಈ ಕುಶಲಕರ್ಮಿಗಳಿಗೆ ಸುಗ್ಗಿಯ ಕಾಲದಲ್ಲಿ ಧಾನ್ಯ ಸಲ್ಲುತ್ತಿತ್ತು. ಎಂದರೆ ಚಕ್ರದ ದುರಸ್ತಿಯ ಹೊಣೆಯನ್ನು ಊರೇ ಹೊತ್ತಿತ್ತು. ನಾವು ಮೇಲೆ ಎತ್ತಿದ ಪ್ರಶ್ನೆಗೆ ಇದು ಮೊದಲನೆಯ ಉತ್ತರ.

ದೇವರ ಬಂಡಿಗೂ ರಥಕ್ಕೂ ಹೆಚ್ಚುವರಿ ಚಕ್ರವಿಲ್ಲ. ಮೂಗೂರಿನ ಅಮ್ಮನವರ ಬಂಡಿ ಉತ್ಸವದಲ್ಲಿಯೂ, ನಂಜನಗೂಡಿನ ಶ್ರೀಕಂಠೇಶ್ವರನ ಪಂಚಮಹಾರಥೋತ್ಸವದಲ್ಲಿಯೂ ಚಕ್ರದ ಗತಿಯನ್ನು ನಿಯಂತ್ರಿಸುವುದು ಬೆಣೆ ಹಿಡಿದ ಮನುಷ್ಯರು. ರಥದ ಚಕ್ರ ವರ್ಷದಲ್ಲಿ ಕೆಲವು ಗಜಗಳಷ್ಟು ದೂರ ಮಾತ್ರ ಉರುಳಬೇಕು. ಅದಕ್ಕಾಗಿ ಇಡೀ ಊರು ಎದುರಿಗೆ ನಿಂತಿರುತ್ತದೆ. ಅದರ ವಿಚಾರ ಬೇರೆಯಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಗಾಳಿ ತುಂಬಿದ ಟೈರಿನ ಹುಟ್ಟಿನ ಕಥೆ ಸಾಕಷ್ಟು ಪ್ರಸಿದ್ಧವಾಗಿದೆ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ೧೮೪೫ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದನು. ಆಗ ಬೈಸಿಕಲ್ಲೂ ಇರಲಿಲ್ಲ, ಮೋಟಾರೂ ಇರಲಿಲ್ಲ. ಹೊಳಹು ಕಾಲಕ್ಕಿಂತ ಮುಂದೆ ಹೋಗಿ ಮರೆತುಹೋಯಿತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ೧೮೮೮ರಲ್ಲಿ ಅದನ್ನೇ ಮತ್ತೆ ಕಂಡುಹಿಡಿದು ವ್ಯಾಪಾರಕ್ಕೆ ತಂದನು. ಫ್ರಾನ್ಸಿನ ಮಿಷಲಿನ್ ಸಹೋದರರು ೧೮೯೫ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಪಂದ್ಯದಲ್ಲಿ ಗಾಳಿಯ ಟೈರಿನ ಮೋಟಾರನ್ನು ಓಡಿಸಿದರು. ದಾರಿಯುದ್ದಕ್ಕೂ ಮತ್ತೆ ಮತ್ತೆ ಗಾಳಿ ಹೋಗಿ ಅವರು ಗೆಲ್ಲಲಿಲ್ಲವಾದರೂ, ಮೋಟಾರು ಗಾಳಿಯ ಮೇಲೆ ಓಡಬಲ್ಲುದೆಂಬುದು ಸಿದ್ಧವಾಯಿತು. ಅದು ಕಷ್ಟಪಟ್ಟು ಓಡುತ್ತದೆಂಬುದೂ ಅಷ್ಟೇ ಸಿದ್ಧವಾಯಿತೆನ್ನಬೇಕು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಒಂದೇ ರಸ್ತೆಯ ಮೇಲೆ ಕಬ್ಬಿಣದ ಟೈರೂ ರಬ್ಬರಿನ ಟೈರೂ ಜೊತೆಯಾಗಿ ಉರುಳತೊಡಗಿದವು. ಎರಡಕ್ಕೂ ಪರಸ್ಪರ ಹೊಂದಿಕೆಯಿರಲಿಲ್ಲ. ಗಾಡಿಯ ಕಿರಿದಾದ ಹಳಿ ಜಲ್ಲಿರಸ್ತೆಯನ್ನು ಕೊರೆದು ಕೊರಕಲು ಮಾಡುತ್ತಿತ್ತು. ಮೋಟಾರಿನ ವೇಗದ ಚಕ್ರ ಜಲ್ಲಿಯ ನಡುವಿನ ಮಣ್ಣನ್ನು ಎಳೆದು ಧೂಳಾಗಿ ಎರಚುತ್ತಿತ್ತು. ಎತ್ತು ಕುದುರೆಗಳ ಲಾಳದಿಂದ ಕಳಚಿ ಬಿದ್ದ ಮೊಳೆ ರಬ್ಬರಿಗೆ ಮೃತ್ಯು. ರಸ್ತೆ ಯಾರಿಗಾಗಿ, ಅದರ ಖರ್ಚನ್ನು ಯಾರು ಹೊರಬೇಕು ಎಂಬ ಚರ್ಚೆ ಅಖಿಲ ಭಾರತ ಮಟ್ಟದಲ್ಲಿ ನಡೆದು, ೧೯೨೭ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಅಭಿವೃದ್ಧಿ ಸಮಿತಿ ನೇಮಕವಾಯಿತು. ಪೆಟ್ರೋಲಿನ ಮೇಲೆ ಹೆಚ್ಚುವರಿ ತೆರಿಗೆ ಹಾಕಿ ೧೯೨೯ರಲ್ಲಿ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಿದ್ದು ಆ ಸಮಿತಿಯ ಶಿಫಾರಸಿನ ಫಲ. ರಸ್ತೆಗಳ ಇತಿಹಾಸವನ್ನು ಓದುವಾಗ ಈ ಎರಡು ಬಗೆಯ ಟೈರುಗಳ ವಿರಸವನ್ನು ನೆನಪಿಡದಿದ್ದರೆ ಹಲವು ಸರ್ಕಾರಿ ವರದಿಗಳ ಅರ್ಥವೇ ತಿಳಿಯುವುದಿಲ್ಲ.

ಇಂಥ ರಸ್ತೆಗಳ ಕಾಲದಲ್ಲಿ ಹುಟ್ಟಿದ್ದು ಐದನೆಯ ಚಕ್ರ. ಆರಂಭದ ಮೋಟಾರುಗಳಲ್ಲಿ ಚಕ್ರವನ್ನು ಅಚ್ಚಿನಿಂದ ಸುಲಭವಾಗಿ ಕಳಚಲು ಬರುತ್ತಿರಲಿಲ್ಲ. ಗಾಳಿ ಹೋದರೆ ಚಕ್ರ ಇದ್ದಲ್ಲಿಯೇ ಇರುತ್ತ, ಪಟ್ಟಿಯಿಂದ ಟೈರನ್ನು ಮೀಟಿ ತೆಗೆದು, ಒಳಗಿನ ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಕೂಡಿಸಿ, ಕೈಪಂಪಿನಿಂದ ಗಾಳಿ ತುಂಬಬೇಕಾಗಿತ್ತು. ಮಳೆಯಲ್ಲಿ, ಕತ್ತಲೆಯಲ್ಲಿ, ಧೂಳಿನಲ್ಲಿ ಈ ಕೆಲಸ ಎಂಥದ್ದೆಂಬುದನ್ನು ಊಹಿಸಬಹುದು. ವೇಲ್ಸ್ ದೇಶದ ಲನೆಲ್ಲಿ ಎಂಬ ಪಟ್ಟಣದ ಥಾಮಸ್ ಮಾರಿಸ್ ಡೇವಿಸ್ ಎಂಬಾತನು ೧೯೦೪ರಲ್ಲಿ ಒಂದು ಸರಳವಾದ ಉಪಾಯವನ್ನು ಹೂಡಿದನು. ಅರಗಳಿಲ್ಲದ ಒಂದು ಕಬ್ಬಿಣದ ಬಳೆಗೆ ಮೊದಲೇ ಗಾಳಿ ತುಂಬಿದ ಟೈರನ್ನು ಕೂಡಿಸಿ ಇಟ್ಟುಕೊಳ್ಳುವುದು. ದಾರಿಯಲ್ಲಿ ಗಾಳಿ ಹೋದಾಗ ಕೆಟ್ಟ ಚಕ್ರವನ್ನು ಬಿಚ್ಚುವ ಗೋಜಿಗೆ ಹೋಗದೆ, ಈ ಬಳೆಯನ್ನು ಅದರ ಪಕ್ಕಕ್ಕೆ ಹಿಡಿಕೆಗಳಿಂದ ಬಿಗಿದು ಮುಂದೆ ಸಾಗುವುದು. ಡೇವಿಸ್ ಸಹೋದರರ ಕಾರ್ಯಾಗಾರ ಇದ್ದದ್ದು ಆ ಊರಿನ ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಕಂಪನಿಗೆ ಬಂತು, ಕಂಪನಿಯ ಹೆಸರು ವಸ್ತುವಿಗೆ ಬಂತು.

ಕೆಲವೇ ವರ್ಷಗಳಲ್ಲಿ ಅಚ್ಚಿನಿಂದ ಬೋಲ್ಟು ಬಿಚ್ಚಿ ಕಳಚಬಹುದಾದ ಚಕ್ರಗಳು ಬಂದವು. ಇಡೀ ಚಕ್ರವನ್ನೇ ಬದಲಿಸುವುದು ಸಾಧ್ಯವಾದ ಮೇಲೆ ಡೇವಿಸನ ಅರವಿಲ್ಲದ ಬಳೆ ನಿರುಪಯುಕ್ತವಾಯಿತು. ಇಂಗ್ಲೆಂಡಿನಲ್ಲಿ ಆ ಮಾತೂ ಬಳಕೆ ತಪ್ಪಿತು. ಆದರೆ ಭಾರತದ ಹಲವು ಭಾಷೆಗಳಲ್ಲಿ, ಬಾಂಗ್ಲಾದೇಶದಲ್ಲಿ, ಮಾಲ್ಟಾ ದ್ವೀಪದಲ್ಲಿ ಅದು ಉಳಿದುಕೊಂಡಿತು. ಬ್ರೆಜಿಲ್ಲಿನ ಪೋರ್ಚುಗೀಸಿನಲ್ಲಿ 'ಎಸ್ತೆಪಿ' ಎಂಬ ರೂಪ ಪಡೆಯಿತು. ವೇಲ್ಸಿನ ಸಣ್ಣ ಪಟ್ಟಣದ ಬೀದಿಯೊಂದರ ಹೆಸರನ್ನು ಆ ದೇಶವನ್ನು ಕಾಣದ, ಅದರ ಹೆಸರನ್ನೂ ಕೇಳಿರದ ಚಾಲಕನೊಬ್ಬ ತಿ. ನರಸೀಪುರದ ಬಸ್‌ಸ್ಟಾಂಡಿನಲ್ಲಿ ದಿನವೂ ಉಚ್ಚರಿಸುತ್ತಾನೆ. ಶಾಸನಗಳಲ್ಲಿ ಬರುವ ಒಂದು ಸುಂಕದ ಹೆಸರಿನ ವ್ಯುತ್ಪತ್ತಿಗಾಗಿ ಪುಟಗಟ್ಟಲೆ ವಾದ ಮಾಡುವ ನಾವು, ನಮ್ಮ ಕಾಲದ ಇಂಥ ಮಾತುಗಳನ್ನು ಕೋಶಗಳಿಗೆ ಸೇರಿಸಲು ತೋರುವ ಔದಾಸೀನ್ಯ ಸೋಜಿಗದ್ದು. ಈ ಮಾತಿಗೆ ಜನಬಳಕೆಯಲ್ಲಿ ಇನ್ನೊಂದು ಕೀಳಾದ ಅರ್ಥವೂ ಅಂಟಿಕೊಂಡಿದೆಯೆಂಬುದನ್ನು ಇಲ್ಲಿ ಸೂಚಿಸಿದರೆ ಸಾಕು.

ಊರಿನ ಕಮ್ಮಾರನ ಕುಲುಮೆಯಲ್ಲಿ ರಬ್ಬರಿನ ಟೈರಿಗೆ ಔಷಧವಿರಲಿಲ್ಲ. ಗ್ಯಾರೇಜುಗಳು ಇದ್ದದ್ದು ಪಟ್ಟಣಗಳಲ್ಲಿ. ನಂಜನಗೂಡು ಬಿಟ್ಟು ಒಳದಾರಿ ಹಿಡಿದವನಿಗೆ ತಾನು ಹೊತ್ತು ತಂದ ಚಕ್ರವೇ ಗತಿ. ಊರು ಹೊತ್ತಿದ್ದ ಹೊಣೆ ಹೀಗೆ ದಾರಿಹೋಕನ ಹೆಗಲಿಗೆ ವರ್ಗವಾಯಿತು. ಇದು ನಮ್ಮ ಪ್ರಶ್ನೆಗೆ ಎರಡನೆಯ ಉತ್ತರ. ಅದು ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಅಬಾಧಿತವಾಗಿ ನಡೆಯಿತು.

ಈ ಐದನೆಯ ಚಕ್ರ ಉಳಿದ ನಾಲ್ಕರ ಸಮಾನ ಗಾತ್ರದ್ದಾಗಿದ್ದುದರಿಂದ ಇನ್ನೊಂದು ಅನುಕೂಲ ಒದಗಿತು. ಮೋಟಾರಿನ ನಾಲ್ಕು ಟೈರುಗಳು ಒಂದೇ ಸಮನಾಗಿ ಸವೆಯುವುದಿಲ್ಲ. ತಿರುಗಿಸುವ ಕೆಲಸ ಮುಂದಿನ ಚಕ್ರಗಳದ್ದು. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವ ಅಂಬಾಸಡರಿನಂಥ ಹಳೆಯ ಕಾರಿನಲ್ಲಿ ಸವೆತದ ಬಗೆ ಒಂದು. ಬಲವೂ ತಿರುವೂ ಮುಂದಿನ ಚಕ್ರಗಳಿಗೇ ಬೀಳುವ ಇಂದಿನ ಸಾಮಾನ್ಯ ಕಾರಿನಲ್ಲಿ ಇನ್ನೊಂದು. ಆದ್ದರಿಂದ ಸುಮಾರು ಎಂಟರಿಂದ ಹತ್ತು ಸಾವಿರ ಕಿಲೋಮೀಟರುಗಳಿಗೊಮ್ಮೆ ಚಕ್ರಗಳ ಸ್ಥಾನಪಲ್ಲಟ ಮಾಡುವುದು ರೂಢಿಗೆ ಬಂತು. ಸ್ಟೆಪ್ನಿಯನ್ನೂ ಸರದಿಯಲ್ಲಿ ಸೇರಿಸುವ ಕ್ರಮಗಳಲ್ಲಿ ಒಂದನ್ನು ವಿವರಿಸುವುದಾದರೆ: ಹಿಂದಿನ ಎರಡು ಚಕ್ರಗಳೂ ತಮ್ಮ ತಮ್ಮ ಪಕ್ಕದಲ್ಲಿಯೇ ಮುಂದಕ್ಕೆ ಬರುತ್ತವೆ, ಮುಂದಿನ ಎಡಚಕ್ರ ಅಡ್ಡಹಾಯ್ದು ಹಿಂದಿನ ಬಲಕ್ಕೆ ಹೋಗುತ್ತದೆ, ಮುಂದಿನ ಬಲಚಕ್ರ ಸ್ಟೆಪ್ನಿಯ ಸ್ಥಾನದಲ್ಲಿ ವಿಶ್ರಾಂತಿ ಪಡೆಯುತ್ತದೆ, ಸ್ಟೆಪ್ನಿ ಹಿಂದಿನ ಎಡಕ್ಕೆ ಇಳಿಯುತ್ತದೆ. ಹೀಗೆ ಐದು ಸಲ ಮಾಡಿದರೆ ಪ್ರತಿಯೊಂದು ಚಕ್ರವೂ ಐದು ಸ್ಥಾನಗಳನ್ನೂ ಕ್ರಮವಾಗಿ ಹಾಯ್ದು ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ.

ಇದರ ಲೆಕ್ಕ ಸುಲಭವಾದದ್ದು. ಹತ್ತು ಸಾವಿರ ಕಿಲೋಮೀಟರುಗಳಿಗೊಮ್ಮೆ ಸ್ಥಾನ ಬದಲಿಸಿದರೆ, ಕಾರು ೫೦,೦೦೦ ಕಿಲೋಮೀಟರು ಓಡುವಷ್ಟರಲ್ಲಿ ಪ್ರತಿಯೊಂದು ಟೈರೂ ೪೦,೦೦೦ ಕಿಲೋಮೀಟರು ಮಾತ್ರ ಉರುಳಿರುತ್ತದೆ. ಐದೂ ಒಟ್ಟಿಗೆ ಸವೆದು ಒಟ್ಟಿಗೆ ನಿವೃತ್ತಿಯಾಗುತ್ತವೆ. ಸ್ಟೆಪ್ನಿಯನ್ನು ಮುಟ್ಟದೆ ಇಟ್ಟರೆ ಏನಾಗುತ್ತದೆ? ನಾಲ್ಕು ಟೈರುಗಳು ಬೇಗ ಸವೆಯುತ್ತವೆ. ಐದನೆಯದು ಸವೆಯದೆಯೇ ಮುದಿಯಾಗುತ್ತದೆ. ರಬ್ಬರು ಕೆಲಸ ಮಾಡಿದರೂ ಮಾಡದಿದ್ದರೂ ವಯಸ್ಸಾದಂತೆ ಬಿರುಸಾಗಿ ಬಿರುಕು ಬಿಡುತ್ತದೆ. ತಯಾರಾದ ದಿನದಿಂದ ಹತ್ತು ವರ್ಷಗಳ ಮೇಲೆ ಯಾವ ಟೈರನ್ನೂ ಬಳಸಬಾರದೆಂದು ತಯಾರಕರು ಹೇಳುವುದು ಇದಕ್ಕಾಗಿಯೇ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಿಯ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಶಾಸನದ ಕಾಲನಿರ್ಣಯದಲ್ಲಿ ಪಳಗಿದ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಓದುವುದು ಕಷ್ಟವಾಗಲಾರದು.

ಟೈರನ್ನು ಅಳೆದು ಸುರಿದು ಬಳಸುವ ಶಿಸ್ತು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರದ ನೀತಿಯೇ ಆಯಿತು. ೧೯೪೨ರ ಆದಿಯಲ್ಲಿ ಜಪಾನೀಯರು ಮಲಯ ಸಿಂಗಪುರಗಳನ್ನು ಹಿಡಿದೊಡನೆ ಮಿತ್ರರಾಷ್ಟ್ರಗಳಿಗೆ ಬರುತ್ತಿದ್ದ ರಬ್ಬರಿನ ಬಹುಪಾಲು ನಿಂತುಹೋಯಿತು. ಅಮೆರಿಕದಲ್ಲಿ ಒಂದು ಕಾರಿಗೆ ಐದು ಟೈರುಗಳಿಗಿಂತ ಹೆಚ್ಚು ಇಟ್ಟುಕೊಂಡವರು ಉಳಿದವನ್ನು ಸರ್ಕಾರಕ್ಕೆ ಮಾರಬೇಕೆಂದು ವಿಧಿಸಲಾಯಿತು. ಟೈರು ಸವೆಯಬಾರದೆಂದು ಗಂಟೆಗೆ ೩೫ ಮೈಲಿಗಳ ವೇಗಮಿತಿಯನ್ನು ಹೇರಲಾಯಿತು. ಪೆಟ್ರೋಲಿನ ಪಡಿತರಕ್ಕೂ ಅಲ್ಲಿ ಮುಖ್ಯ ಕಾರಣ ರಬ್ಬರಿನ ಕೊರತೆಯೇ. ಸರ್ಕಾರವೇ ಒಪ್ಪಿದ ಆ 'ಐದು' ಎಂಬ ಸಂಖ್ಯೆಯನ್ನು ಗಮನಿಸಬೇಕು. ಕೊರತೆಯ ಪರಾಕಾಷ್ಠೆಯಲ್ಲಿಯೂ ಐದನೆಯ ಚಕ್ರ ಅನಾವಶ್ಯಕವೆಂದು ಯಾರಿಗೂ ತೋರಲಿಲ್ಲ.

ಸ್ವಾತಂತ್ರ್ಯಾನಂತರ ೧೯೪೮ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ೧೨೦ ಬಸ್ಸುಗಳೊಡನೆ ಆರಂಭವಾಯಿತು. ೧೯೬೧ರಲ್ಲಿ ಅದು ನಿಗಮವಾಯಿತು. ಬಸ್ಸು ಲಾರಿಗಳ ಲೋಕದಲ್ಲಿ ಟೈರು ದೊಡ್ಡ ಖರ್ಚಿನ ಬಾಬು. ಸವೆದ ಟೈರಿಗೆ ಹೊಸ ಮೇಲ್ಪಟ್ಟಿ ಬೆಸೆದು ಮತ್ತೆ ಬಳಸುವುದು ಅಲ್ಲಿ ನಿತ್ಯದ ವ್ಯವಹಾರ. ಲಾರಿ ನಿಂತಾಗಲೆಲ್ಲ ಕ್ಲೀನರ್ ಇಳಿದು ಕಬ್ಬಿಣದ ಸಲಾಕೆಯಿಂದ ಟೈರುಗಳನ್ನು ಒಂದೊಂದಾಗಿ ಬಡಿದು ಸದ್ದು ಕೇಳುತ್ತಾನೆ. ಗಾಳಿ ತುಂಬಿದ ಟೈರಿನ ಸದ್ದು ಬಿಗಿ. ಇಳಿದದ್ದರ ಸದ್ದು ಮಂದ. ಜೋಡಿ ಚಕ್ರಗಳಲ್ಲಿ ಒಳಗಿನದರ ಗಾಳಿ ಹೋದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ತಿಳಿಯುತ್ತದೆ. ಒತ್ತಡವನ್ನು ಅಳೆಯುವ ಯಂತ್ರಗಳ ಇತಿಹಾಸವನ್ನು ಬರೆಯುವವರು ಈ ಸಲಾಕೆಯಿಂದ ಆರಂಭಿಸುವುದು ನ್ಯಾಯ.

ಎತ್ತಿನ ಗಾಡಿಯೂ ರಬ್ಬರಿನ ಕಡೆಗೆ ಬಂತು. ಹಳೆಯ ಲಾರಿ ಟೈರುಗಳನ್ನು ಕೂಡಿಸಿದ 'ಟೈರುಗಾಡಿ' ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹರಡಿ ಮರದ ಚಕ್ರದ ಬಡಗಿಗಳ ಕಸುಬನ್ನು ಕುಗ್ಗಿಸಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ೧೯೭೦ರ ದಶಕದಲ್ಲಿ ಗಾಡಿಯ ಸುಧಾರಣೆಯನ್ನು ರಾಷ್ಟ್ರೀಯ ಪ್ರಶ್ನೆಯನ್ನಾಗಿ ಎತ್ತಿದರು. ಎತ್ತಿನ ಕೊರಳಿನ ಗಾಯದಿಂದ ಮೊದಲುಗೊಂಡು ಚಕ್ರದ ಘರ್ಷಣೆಯವರೆಗೆ ಅವರು ಮಾಡಿದ ವಿವೇಚನೆಯನ್ನು ನಮ್ಮ ಆರ್ಥಿಕ ಇತಿಹಾಸಕಾರರು ಸಾಕಷ್ಟು ಬಳಸಿಕೊಂಡಿಲ್ಲ. ಅದೇ ದಶಕದಲ್ಲಿ ಸ್ಥಾಪಿತವಾದ ವಿಕ್ರಾಂತ್ ಟೈರ್ಸ್ ಸಂಸ್ಥೆಯಿಂದ ಮೈಸೂರು ನಗರವೇ ಟೈರು ತಯಾರಿಸುವ ಸ್ಥಳವಾಯಿತು. ರಾಜ್ಯ ಸರ್ಕಾರದ ಪಾಲುದಾರಿಕೆಯಿದ್ದ ಆ ಸಂಸ್ಥೆ ೧೯೯೭ರಲ್ಲಿ ಜೆ.ಕೆ. ಸಮೂಹದ ಕೈಸೇರಿತು.

ಇನ್ನು ಒತ್ತಡ ಸಂವೇದಕದ ವಿಷಯ. ಗ್ಯಾರೇಜಿನವರು ಅದನ್ನು ಸೆನ್ಸರ್ ಎನ್ನುತ್ತಾರೆ. ಟೈರಿನಲ್ಲಿ ಗಾಳಿ ತಾನಾಗಿಯೇ ತಿಂಗಳಿಗೆ ಸುಮಾರು ಒಂದು ಪೌಂಡಿನಷ್ಟು ಇಳಿಯುತ್ತದೆ. ಕಡಮೆ ಗಾಳಿಯ ಟೈರು ಉರುಳುವಾಗ ಹೆಚ್ಚು ಬಾಗಿ, ಕಾದು, ಕೊನೆಗೆ ಒಡೆಯಬಹುದು. ಇದನ್ನು ಚಾಲಕನಿಗೆ ತಾನಾಗಿ ತಿಳಿಸುವ ವ್ಯವಸ್ಥೆ ೧೯೮೬ರ ಪೋರ್ಷೆ ೯೫೯ ಎಂಬ ದುಬಾರಿ ಕಾರಿನಲ್ಲಿ ಮೊದಲು ಕಾಣಿಸಿಕೊಂಡಿತು. ಅದು ಸಾಮಾನ್ಯ ಕಾರುಗಳಿಗೆ ಇಳಿದದ್ದು ಒಂದು ದುರಂತದ ಫಲವಾಗಿ. ೨೦೦೦ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿಯು ಅಮೆರಿಕದಲ್ಲಿ ೬೫ ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಮುಖ್ಯವಾಗಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿ ಈ ಟೈರುಗಳ ಮೇಲ್ಪಟ್ಟಿ ಕಳಚಿ, ವಾಹನ ಮಗುಚಿ, ಆ ದೇಶವೊಂದರಲ್ಲಿಯೇ ೨೭೦ಕ್ಕೂ ಹೆಚ್ಚು ಮಂದಿ ಸತ್ತರು. ಆಗ ಎರಡು ಕಂಪನಿಗಳ ನಡುವೆ ನಡೆದ ವಾದ ಇತಿಹಾಸದ ವಿದ್ಯಾರ್ಥಿಗೆ ಬೋಧಪ್ರದವಾದದ್ದು. ಫೋರ್ಡ್ ಕಂಪನಿಯು ಚದರ ಅಂಗುಲಕ್ಕೆ ೨೬ ಪೌಂಡು ಗಾಳಿ ಸಾಕೆಂದು ಹೇಳಿತ್ತು. ೩೦ ಪೌಂಡು ಇರಬೇಕಾಗಿತ್ತೆಂದು
ಟೈರಿನವರು ವಾದಿಸಿದರು. ನಾಲ್ಕು ಪೌಂಡು ಗಾಳಿಯ ವ್ಯತ್ಯಾಸದ ಮೇಲೆ ನೂರಾರು ಸಾವುಗಳ ಹೊಣೆ ತೂಗಾಡಿತು. ಅದೇ ವರ್ಷ ಅಮೆರಿಕದ ಸಂಸತ್ತು ಕಾನೂನು ಮಾಡಿತು. ನಿಗದಿಯಾದ ಒತ್ತಡಕ್ಕಿಂತ ಶೇಕಡ ೨೫ರಷ್ಟು ಇಳಿದರೆ ಎಚ್ಚರಿಸುವ ವ್ಯವಸ್ಥೆ ೨೦೦೭ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಲ್ಲಿಯೂ ಕಡ್ಡಾಯವಾಯಿತು. ಯೂರೋಪಿನಲ್ಲಿ ೨೦೧೪ರ ನವೆಂಬರಿನ ವೇಳೆಗೆ ಹಾಗೆಯೇ ಆಯಿತು.

ಸಂವೇದಕಗಳಲ್ಲಿ ಎರಡು ಬಗೆಗಳುಂಟು. ಒಂದು ಬಗೆಯಲ್ಲಿ ಟೈರಿನೊಳಗೆ ಯಾವ ಯಂತ್ರವೂ ಇರುವುದಿಲ್ಲ. ಗಾಳಿ ಇಳಿದ ಚಕ್ರದ ವ್ಯಾಸ ಕುಗ್ಗಿ ಅದು ಉಳಿದವುಗಳಿಗಿಂತ ವೇಗವಾಗಿ ಸುತ್ತುತ್ತದೆಯೆಂಬುದನ್ನು ಬ್ರೇಕಿನ ವ್ಯವಸ್ಥೆಯ ಮೂಲಕ ಕಾರು ಗ್ರಹಿಸುತ್ತದೆ. ಇನ್ನೊಂದರಲ್ಲಿ ಪ್ರತಿಯೊಂದು ಚಕ್ರದೊಳಗೂ ಬ್ಯಾಟರಿಯುಳ್ಳ ಪುಟ್ಟ ಯಂತ್ರವಿದ್ದು, ಒತ್ತಡವನ್ನು ಅಳೆದು ರೇಡಿಯೋ ಅಲೆಗಳಿಂದ ಕಾರಿನ ಗಣಕಕ್ಕೆ ಕಳುಹಿಸುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಗುರುತಿನ ಸಂಖ್ಯೆ. ಇಂಥ ಸಂಖ್ಯೆಯುಳ್ಳದ್ದು ಮುಂದಿನ ಎಡಚಕ್ರ, ಇಂಥದ್ದು ಹಿಂದಿನ ಬಲಚಕ್ರ ಎಂದು ಗಣಕ ನೆನಪಿಟ್ಟುಕೊಂಡಿರುತ್ತದೆ.

ಇಲ್ಲಿಯೇ ಹಳೆಯ ಸ್ಥಾನಪಲ್ಲಟಕ್ಕೂ ಹೊಸ ಯಂತ್ರಕ್ಕೂ ಘರ್ಷಣೆ ಬರುವುದು. ಚಕ್ರಗಳನ್ನು ಅದಲುಬದಲು ಮಾಡಿದರೆ, ಗಣಕಕ್ಕೆ ಹೊಸ ಸ್ಥಾನಗಳನ್ನು ಮತ್ತೆ ಕಲಿಸಬೇಕು. ಕೆಲವು ಕಾರುಗಳು ಸ್ವಲ್ಪ ದೂರ ಓಡಿದ ಮೇಲೆ ತಾವಾಗಿಯೇ ಕಲಿಯುತ್ತವೆ. ಕಲಿಯದ ಕಾರುಗಳಲ್ಲಿ ಹಿಂದಿನ ಚಕ್ರದ ಗಾಳಿ ಇಳಿದರೆ ಮುಂದಿನ ಚಕ್ರದ ಕಡೆಗೆ ಬೆರಳು ತೋರಿಸಲಾಗುತ್ತದೆ. ಮೊದಲನೆಯ ಬಗೆಯ ವ್ಯವಸ್ಥೆಯಲ್ಲಿಯೂ ಸ್ಥಾನ ಬದಲಿಸಿ ಗಾಳಿ ಸರಿಪಡಿಸಿದ ಮೇಲೆ ಅದನ್ನು ಹೊಸದಾಗಿ ಆರಂಭಿಸಬೇಕಾಗುತ್ತದೆ. ಸ್ಟೆಪ್ನಿಯ ಪಾಡಂತೂ ಇನ್ನೂ ವಿಚಿತ್ರ. ತಯಾರಕರು ಹಲವೊಮ್ಮೆ ನಾಲ್ಕು ಚಕ್ರಗಳಿಗೆ ಮಾತ್ರ ಸಂವೇದಕವನ್ನು ಇಟ್ಟು ಐದನೆಯದನ್ನು ಬರಿದಾಗಿ ಬಿಡುತ್ತಾರೆ. ಅಂಥ ಸ್ಟೆಪ್ನಿಯನ್ನು ಸರದಿಗೆ ಇಳಿಸಿದೊಡನೆ ಎಚ್ಚರಿಕೆಯ ದೀಪ ಹತ್ತಿಕೊಳ್ಳುತ್ತದೆ. ಐದನೆಯ ಸಂವೇದಕವನ್ನು ಹಾಕಿಸಿ ಐದು ಸಂಖ್ಯೆಗಳನ್ನೂ ಗಣಕಕ್ಕೆ ಒಪ್ಪಿಸುವುದು ಪರಿಹಾರ. ಆದರೆ ನಾಲ್ಕನ್ನು ಮಾತ್ರ ಬಲ್ಲ ಕಾರಿನಲ್ಲಿ ಪ್ರತಿ ಸರದಿಯಲ್ಲಿಯೂ ಮರುಪಾಠ ಹೇಳಿಸಬೇಕು. ದೀಪದ ಕಾಟ ಬೇಡವೆಂದು ಮಾಲೀಕರು ಸ್ಟೆಪ್ನಿಯನ್ನು ಅದರ ಪಾಡಿಗೆ ಬಿಡುತ್ತಾರೆ. ಅದರ ಗಾಳಿಯನ್ನು ಅಳೆಯಲು ಸಂವೇದಕವೂ ಇಲ್ಲ, ಕ್ಲೀನರನ ಸಲಾಕೆಯೂ ಇಲ್ಲ. ಬೇಕಾದ ದಿನ ಡಿಕ್ಕಿ ತೆರೆದು ನೋಡಿದರೆ ಅದೂ ಗಾಳಿಯಿಲ್ಲದೆ ಮಲಗಿರುತ್ತದೆ. ನಾಲ್ಕು ಚಕ್ರಗಳನ್ನು ಕಾಯಲು ಬಂದ ಯಂತ್ರ ಐದನೆಯದನ್ನು ಲೆಕ್ಕದಿಂದ ಹೊರಗಿಟ್ಟಿತು. ಕಾನೂನು ಅದನ್ನು ವಾಹನದಿಂದಲೇ ಹೊರಗಿಡಲು ಒಪ್ಪಿದ್ದು ಆಮೇಲಿನ ಮಾತು.

೨೦೨೦ರ ತಿದ್ದುಪಡಿಯ ಷರತ್ತುಗಳನ್ನು ಈಗ ನೋಡಬಹುದು. ಒಟ್ಟು ತೂಕ ಮೂರೂವರೆ ಟನ್ನಿನವರೆಗಿನ ಪ್ರಯಾಣಿಕ ಕಾರುಗಳಲ್ಲಿ ಟ್ಯೂಬಿಲ್ಲದ ಟೈರು, ಪಂಕ್ಚರ್ ಮುಚ್ಚುವ ಸಾಮಗ್ರಿಯ ಪೆಟ್ಟಿಗೆ ಮತ್ತು ಒತ್ತಡ ಸೂಚಿಸುವ ವ್ಯವಸ್ಥೆ ಈ ಮೂರೂ ಇದ್ದರೆ ಹೆಚ್ಚುವರಿ ಚಕ್ರ ಇರಬೇಕಾಗಿಲ್ಲ. ಇಡಬಾರದೆಂದು ನಿಯಮ ಹೇಳಿಲ್ಲ. ಬ್ಯಾಟರಿಯಿಂದ ಓಡುವ ಕಾರುಗಳಿಗೆ ಜಾಗ ಉಳಿಯುತ್ತದೆ, ತೂಕ ಇಳಿಯುತ್ತದೆ ಎಂಬ ಕಾರಣಗಳು ನಿರಾಧಾರವಾದವಲ್ಲ. ಟ್ಯೂಬಿಲ್ಲದ ಟೈರಿನ ಗಾಳಿ ಮೊಳೆ ಚುಚ್ಚಿದಾಗ ಒಮ್ಮೆಲೇ ಹೋಗುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಸಂವೇದಕ ಅಷ್ಟರಲ್ಲಿ ಎಚ್ಚರಿಸುತ್ತದೆ. ಚಾಲಕ ಅಂಗಡಿಯವರೆಗೆ ತಲಪಬಹುದು. ಬೆಂಗಳೂರು ಮೈಸೂರುಗಳ ನಡುವೆ ಓಡಾಡುವವರಿಗೆ ಈ ತರ್ಕ ಸಾಕು.

ಆದರೆ ಪೆಟ್ಟಿಗೆಯಲ್ಲಿರುವ ಸಾಮಗ್ರಿ ಟೈರಿನ ನೆಲಮುಟ್ಟುವ ಭಾಗದಲ್ಲಿ ಸುಮಾರು ಆರು ಮಿಲಿಮೀಟರಿನೊಳಗಿನ ತೂತನ್ನು ಮಾತ್ರ ಮುಚ್ಚಬಲ್ಲುದು. ಟೈರಿನ ಪಕ್ಕ ಸೀಳಿದರೆ, ಹೊಂಡದ ಅಂಚಿಗೆ ಬಡಿದು ಪಟ್ಟಿ ಬಾಗಿದರೆ ಅದು ನಿಷ್ಪ್ರಯೋಜಕ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಸಾಗುವ ಟ್ರಾಕ್ಟರುಗಳು, ಲಾರಿಗಳು ಉರುಳುವ ಒಳದಾರಿಗಳಲ್ಲಿ ಟೈರಿಗೆ ಇಂಥ ಗಾಯಗಳೂ ಆಗುತ್ತವೆ. ಮೂಗೂರಿನಿಂದ ರಾತ್ರಿ ಒಂಬತ್ತಕ್ಕೆ ಹೊರಟವನಿಗೆ ಪಕ್ಕ ಸೀಳಿದ ಟೈರಿನ ಸುದ್ದಿಯನ್ನು ಸಂವೇದಕ ನಿಖರವಾಗಿ ತಿಳಿಸುತ್ತದೆ. ಪರಿಹಾರವನ್ನು ದೂರವಾಣಿಯಲ್ಲಿ ಕೇಳಿ ತರಿಸಿಕೊಳ್ಳಬೇಕು. ಹೊಣೆ ಹೀಗೆ ಎರಡನೆಯ ಸಲ ಸ್ಥಾನ ಬದಲಿಸಿದೆ: ಊರಿನ ಕಮ್ಮಾರನಿಂದ ದಾರಿಹೋಕನಿಗೆ, ದಾರಿಹೋಕನಿಂದ ಈಗ ಎಲ್ಲೋ ದೂರದ ನಗರದಲ್ಲಿರುವ ಸಹಾಯಕೇಂದ್ರಕ್ಕೆ. ಮೊದಲೆರಡು ವ್ಯವಸ್ಥೆಗಳಲ್ಲಿ ಎಚ್ಚರಿಕೆ ದುರ್ಬಲವಾಗಿತ್ತು, ಪರಿಹಾರ ಹತ್ತಿರದಲ್ಲಿತ್ತು. ಇಂದಿನದರಲ್ಲಿ ಎಚ್ಚರಿಕೆ ಪ್ರಬಲವಾಗಿದೆ, ಪರಿಹಾರ ದೂರ ಸರಿದಿದೆ. ಈ ಸೀಮೆಯ ದಾರಿಗಳ ಮಟ್ಟಿಗೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದೇ, ಎಂದರೆ ಸಂವೇದಕವುಳ್ಳ ಸಮಾನ ಗಾತ್ರದ ಐದನೆಯ ಚಕ್ರವನ್ನು ಸರದಿಯಲ್ಲಿ ದುಡಿಸುವುದೇ, ಯುಕ್ತವೆಂದು ನಮಗೆ ತೋರುತ್ತದೆ.

ಇನ್ನು ಆಕರಗಳ ವಿಷಯ. ಈ ಚರಿತ್ರೆಯನ್ನು ಮುಂದುವರಿಸಬಯಸುವ ವಿದ್ಯಾರ್ಥಿಗೆ ಪತ್ರಾಗಾರದ ಕಡತಗಳಿಗಿಂತ ಹಳೆಯ ಕಾರುಗಳ ಜೊತೆಗೆ ಬರುತ್ತಿದ್ದ ಕೈಪಿಡಿಗಳು, ಸಾರಿಗೆ ನಿಗಮದ ಟೈರು ವಿಭಾಗದ ದಾಖಲೆ ಪುಸ್ತಕಗಳು, ನಂಜನಗೂಡು ತಿ. ನರಸೀಪುರಗಳ ಟೈರು ಅಂಗಡಿಗಳ ಲೆಕ್ಕದ ವಹಿಗಳು ಹೆಚ್ಚು ಉಪಯುಕ್ತವಾಗಬಹುದು. ಹಳಿ ಕಟ್ಟುವುದನ್ನು ಕಣ್ಣಾರೆ ಕಂಡವರು ಈ ಭಾಗದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಗುಂಬ, ಅರ, ಕಡಾಣಿಗಳ ಜೊತೆಗೆ ಚಕ್ರದ ಉಳಿದ ಅಂಗಗಳಿಗೂ ಅವರಲ್ಲಿ ಹೆಸರುಗಳಿವೆ. ಒಂದು ಹೋಬಳಿಯಿಂದ ಇನ್ನೊಂದಕ್ಕೆ ಆ ಹೆಸರುಗಳು ಬದಲಾಗುವುದೂ ಉಂಟು. ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಅವುಗಳನ್ನು.